ಹುಲಿಯ ಬಾಗಿಲು, ಯಜಮಾನನ ಬಾಗಿಲು

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಕ್ಕಾ, ನೀನಾ?... ಇಲ್ಲ ಕಣೇ, ಊಟಕ್ಕೆ ಬರ್ತೀನಿ ಅಂತ ಹೇಳೋಕೆ ಫೋನ್ ಮಾಡಿಲ್ಲ. ಭಾವಂಗೆ ಕೊಡು. ಮಲಗಿದ್ರೆ ಎಬ್ಬಿಸು. ಪ್ಲಾಸ್ಟರ್ ಹಾಕಿರೋದು ಕಾಲಿಗೆ, ಕಿವಿಗಲ್ವಲ್ಲ! ಬೇಗ...

...

ಭಾವ, ನಾನು. ಮೆಲ್ಲಗೆ ಮಾತಾಡ್ತಿದೀನಿ, ಕೇಳಿಸ್ತಿದ್ಯಾ?... ಝೂನಲ್ಲೇ. ಮಾಂಸ ಕತ್ತರಿಸೋ ಕೋಣೇಲಿ ಚಿಲಕ ಹಾಕ್ಕೊಂಡು ಕೂತಿದೀನಿ. ನಿಮ್ಮ ಯಜಮಾನ ಹೊರಗೆ ಬಂದ್ಬಿಟ್ಟಿದಾನೆ.

...

ಒರಾಂಗುಟಾನ್ ಯಜಮಾನನೇ, ಇನ್ಯಾರು! ನೀವು ಬಿದ್ದು ರಜೆ ಹಾಕಿದ್ಮೇಲೆ ನನ್ನ ಹುಲಿ ಜೊತೆಗೆ ಅವನನ್ನೂ ನಾನೇ ಅಲ್ವಾ ನೋಡ್ಕೊಳ್ತಿರೋದು?... ಪೂರ್ತಿ ಹೊರಗಲ್ಲ, ಓಣಿಗೆ. ಓಣಿ ತುದಿ ಗೇಟು ಭದ್ರವಾಗಿದೆ. ಈ ಕೋಣೆ ಬಾಗಿಲೇ ಅವನಿಗೆ ಉಳಿದಿರೋದು.

...

ಹೇಗೆ ಅಂದ್ರೆ... ಗೂಡಿನ ಬೀಗ ಮುರ್ಕೊಂಡು ಬಂದ. ಗೊತ್ತಿಲ್ಲ ಭಾವ, ಮುರಿದ, ಅಷ್ಟೇ.

...

ಇನ್ನೊಂದು ಬಾಗಿಲಾ? ಅದರಾಚೆ ಅತ್ತೆ ಇದಾಳೆ. ಗೂಡು ತೊಳೆಯೋಣ ಅಂತ ಆ ಕಡೆ ಓಣಿಗೆ ಬಿಟ್ಟಿದ್ದೆ... ಅಕ್ಕ ಯಾಕೆ ಕಿರುಚ್ತಿದಾಳೆ? ಅವಳಿಗೆ ಹೇಳಿ, ಅತ್ತೆ ಅಂದ್ರೆ ನಮ್ಮ ಹೆಣ್ಣುಹುಲಿ, ನಿಮ್ಮಮ್ಮ ಅಲ್ಲ ಅಂತ!

...

ಕೇಳಿಸ್ತಾ ಈ ಸದ್ದು? ಹಿಡಿ ಹಿಡ್ಕೊಂಡು ಜಗ್ತಿದಾನೆ. ಬಾಗಿಲಿನ ತಗಡು ಮೇಲ್ಗಡೆ ಬಾಗಿದೆ, ಸಂದೀಲಿ ಬೆರಳು ಕಾಣ್ತಿದೆ. ನಾಲ್ಕು ಬೆರಳು. ಅಯ್ಯೋ ಭಾವ... ನಿಜ ಹೇಳಿ, ಇಬ್ಬರಲ್ಲಿ ಯಾರಿಗೆ ಶಕ್ತಿ ಜಾಸ್ತಿ?

...

ತಮಾಷೆಗೆ ಕೇಳ್ತಿಲ್ಲ! ಹದಿನಾರು ವರ್ಷ ಚಹಾ ಕುಡಿಯೋ ಹೊತ್ತಲ್ಲಿ ಇದೇ ಜಗಳ ಆಡಿದೀವಿ. ಅತ್ತೆ ಒಂದೇಟಿಗೆ ಎತ್ತಿನ ಕತ್ತು ಮುರೀತಾಳೆ ಅಂತ ನಾನು, ಯಜಮಾನ ಲಾರಿ ಟೈರನ್ನ ಒಂದೇ ಕೈಲಿ ಎತ್ತಿ ಎಸೀತಾನೆ ಅಂತ ನೀವು. ಈಗ ಹೇಳಿ, ಯಾವ ಬಾಗಿಲು ಮೊದಲು ಹೋಗುತ್ತೆ?

...

ಹಾಂ... ಹಾಂ, ಅವಳ ಬಾಗಿಲು ಅವಳ ಕಡೆಗೇ ತೆರೆಯೋದು. ತಳ್ಳಿದಷ್ಟೂ ಗಟ್ಟಿಯಾಗಿ ಕೂರುತ್ತೆ. ತಳ್ಳೋದು ಗೊತ್ತು, ಎಳೆಯೋದು ಗೊತ್ತಿಲ್ಲ... ಅವನಿಗೆ ಕೈಯಿದೆ. ನೂರೈವತ್ತು ಕೆಜಿ ಹುಲಿಗಿಂತ ಆ ಕೈ... ಸರಿ. ಹಾಗಾದ್ರೆ ಈ ಬಾಗಿಲೇ ಹೋಗೋದು ಅನ್ನಿ.

...

ಆಫೀಸಿಗೆ ಮಾಡಿಲ್ಲ. ಮಾಡಿದ್ರೆ ಕಾವಲಿನವರು ಕೋವಿ ತರ್ತಾರೆ. ಡಾಕ್ಟರು ಊರಲ್ಲಿಲ್ಲ, ಮಂಪರು ಬರಿಸೋ ಸೂಜಿ ಹೊಡೆಯೋರು ಯಾರೂ ಇಲ್ಲ. ನೇರ ಗುಂಡೇ... ಬೈಬೇಡಿ ಭಾವ, ಅದಕ್ಕೇ ನಿಮಗೆ ಮಾಡಿದ್ದು.

...

ಮುಖನಾ? ಬಾಗಿಲ ಕಿಂಡಿಯಿಂದ ನೋಡ್ಬೇಕು. ತಡೀರಿ... ಹಲ್ಲು ಕಾಣ್ತಿದೆ, ತುಟಿ ಹಿಂದಕ್ಕೆ ಎಳ್ಕೊಂಡಿದಾನೆ. ಕೂದಲೆಲ್ಲ ನೆಟ್ಟಗೆ ನಿಂತಿದೆ. ಉಚ್ಚೆ ಹೊಯ್ಕೊಂಡಿದಾನೆ ಭಾವ... ಅತ್ತೆ ಗರ್ಜಿಸಿದಾಗೆಲ್ಲ ತಿರುಗಿ ತಿರುಗಿ ನೋಡ್ತಾನೆ.

...

ಹೆದರಿದಾನಾ? ಇಷ್ಟು ದೊಡ್ಡವನು?... ಹೌದು, ಅವನು ಹೊರಗೆ ಬಂದ್ಮೇಲೆ ಗೂಡಿನ ಗೇಟು ಮೇಲಿಂದ ಜಾರಿ ಮುಚ್ಕೊಂಡಿದೆ. ಹೊರಗಿಂದ ಹಿಡಿದು ಎತ್ತೋಕೆ ಅದರಲ್ಲಿ ಏನೂ ಇಲ್ಲ. ಅವನು ನನ್ನನ್ನ ಹಿಡಿಯೋಕೆ ಬಂದಿಲ್ಲ. ಬಚ್ಚಿಟ್ಕೊಳ್ಳೋಕೆ ಜಾಗ ಹುಡುಕ್ತಿದಾನೆ. ಅವನೂ ನನ್ನ ಹಾಗೇ ಸಿಕ್ಕಿಹಾಕ್ಕೊಂಡಿದಾನೆ.

...

ಸರಪಳಿ! ಗೇಟು ಎತ್ತೋ ಸರಪಳಿ ಈ ಕೋಣೇಲೇ ಇದೆ ಅಲ್ವಾ! ಮೂರು ವಾರದಿಂದ ದಿನಾ ಎಳೀತೀನಿ, ತಲೆಗೆ ಹೊಳೀಲೇ ಇಲ್ಲ ನೋಡಿ... ಆದ್ರೆ ಅವನು ಬಾಗಿಲು ಬಿಟ್ಟು ಆ ಕಡೆ ಹೋಗ್ಬೇಕಲ್ಲ. ನನ್ನ ದನಿಗೆ ಕೇಳಲ್ಲ... ನೀವು? ಫೋನಲ್ಲಾ? ಸರಿ, ಸ್ಪೀಕರಿಗೆ ಹಾಕಿ ಕಿಂಡಿ ಹತ್ರ ಇಡ್ತೀನಿ. ಗಟ್ಟಿಯಾಗಿ. ದಿನಾ ಸಂಜೆ ಕರೀತಿದ್ರಲ್ಲ, ಹಾಗೇ ಕರೀರಿ. ನಿಲ್ಲಿಸ್ಬೇಡಿ.

...

ಕೇಳಿಸ್ಕೊಂಡ... ಜಗ್ಗೋದು ನಿಲ್ಲಿಸಿದ. ಕಿಂಡಿಗೆ ಮೂತಿ ಇಟ್ಟಿದಾನೆ, ಉಸಿರು ನನ್ನ ಕೈಗೆ ಬಡೀತಿದೆ. ಮಾತಾಡಿ ಭಾವ, ಮಾತಾಡಿ. ಗೂಡಿಗೆ ಹೋಗು ಅನ್ನಿ... ನಾನು ಎಳೀತಿದೀನಿ... ಏಳ್ತಿದೆ... ತಿರುಗಿ ನೋಡಿದ. ಹೊರಟ. ಒಂದು ಕೈ ಗೋಡೆಗೆ ಊರ್ಕೊಂಡು ಹೋಗ್ತಿದಾನೆ... ಬಗ್ಗಿದ... ಒಳಗೆ. ಒಳಗೆ ಭಾವ! ಗೇಟು ಬಿಟ್ಟೆ, ಇಲ್ಲಿಂದ್ಲೇ ಕೊಂಡಿ ಹಾಕ್ದೆ!

...

ಅಳ್ತಿಲ್ಲ. ನೀವೇ ಅಳ್ತಿರೋದು.

...

ಹೊರಗೆ ಬರೋಕಾಗ್ತಿಲ್ಲ. ತಗಡು ಬಾಗಿ ಬಾಗಿಲು ಚೌಕಟ್ಟಿಗೆ ಕಚ್ಚಿಬಿಟ್ಟಿದೆ. ಭುಜ ಕೊಟ್ಟು ತಳ್ಳಿದೆ, ಅಲ್ಲಾಡ್ತಿಲ್ಲ. ಈ ಕಡೆ ಅತ್ತೆ. ಯಾರಾದ್ರೂ ಬಂದು ಬಾಗಿಲು ಕತ್ತರಿಸ್ಲೇಬೇಕು. ಈಗ ಆಫೀಸಿಗೆ ನೀವೇ ಹೇಳಿ, ನನ್ನ ಬ್ಯಾಟರಿ ಕೆಂಪಾಗಿದೆ.

...

ಹಾಂ? ಆ ಬೀಗ ಅವನಿಂದ ಮುರಿಯೋಕಾಗಲ್ಲ ಅಂತೀರಾ? ನೀವೇ ಹೀಗಂತೀರಲ್ಲ, ಅವನ ಬಲ ಹೊಗಳ್ತಿದ್ದೋರು...

...

ಬೇಡ ಭಾವ. ಅವನೇ ಮುರಿದ ಅಂತ ಆಫೀಸಲ್ಲಿ ಹೇಳ್ಬೇಡಿ. ನನ್ನ ಕೆಲಸ ಉಳಿಯುತ್ತೆ, ನಿಜ. ಆದ್ರೆ ಅಪಾಯದ ಪ್ರಾಣಿ ಅಂತ ಬರೆದು ಅವನನ್ನ ಸಾಯೋವರೆಗೂ ಒಳಗೇ ಕೂಡಿಹಾಕ್ತಾರೆ. ಬಿಸಿಲೂ ಕಾಣಿಸಲ್ಲ ಅವನಿಗೆ. ನಿಮಗೆ ಸುಳ್ಳು ಹೇಳ್ದೆ. ಗೂಡಿನ ಗೇಟಿಗೆ ಬೀಗ ಸಿಕ್ಕಿಸಿದ್ದೆ, ಒತ್ತಿ ಹಾಕಿರ್ಲಿಲ್ಲ. ಅತ್ತೆ ಗರ್ಜಿಸಿದ್ಲು ಅಂತ ಓಡಿಬಂದ್ಬಿಟ್ಟೆ.

...

ಹಲೋ? ಕೇಳಿಸ್ತಾ? ಭಾವ, ಬೀಗ ನಾನೇ ಒತ್ತಿರ್ಲಿಲ್ಲ ಅಂತ ಹೇಳಿ. ತಪ್ಪು ನಂದು ಅಂತ. ಹಲೋ... ಅವನದಲ್ಲ, ನಂದು ಅಂತ ಹೇ...