ಚಕ್ರದೊಳಗಿನ ದಿಂಬು

"ಹಲೋ... ಹಲೋ, ಯಾರು ಮಾತಾಡೋದು?..."

ಪರದೆಯ ಮೇಲೆ ಗುರುತಿಲ್ಲದ ನಂಬರು. ತೋಕುಜಿ ಮಿಯಾಶಿತಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ತೆನ್ರ್ಯೂ ನದಿಯ ದಂಡೆಯ ಬಂಡೆಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಫೆಬ್ರವರಿಯ ಬೆಳಗ್ಗೆ, ಉಸಿರು ಬಿಟ್ಟರೆ ಹೊಗೆ. ಎದುರಿಗೆ ಅವನ ಮೊಳದುದ್ದದ ಟ್ರಕ್ಕು. ಅದನ್ನು ಆಟದ ಸಾಮಾನು ಎಂದರೆ ಅವನಿಗೆ ಸಿಟ್ಟು ಬರುತ್ತದೆ, ಆದ್ದರಿಂದ ನಾವೂ ರಿಮೋಟಿನ ಟ್ರಕ್ಕು ಎಂದೇ ಅನ್ನೋಣ.

"ಓ, ಫುಮಿಯೆ, ನೀನಾ?... ಹೋಟೆಲ್ ಫೋನಿಂದಾ? ಯಾಕೆ, ನಿನ್ನ ಫೋನು?... ಚಾರ್ಜರ್ ಮನೇಲೇ ಬಿಟ್ಯಾ. ಹಾಂ... ಹಾಂ... ಬಿಸಿನೀರ ಸ್ನಾನ ಚೆನ್ನಾಗಾಯ್ತಾ? ನಿಮ್ಮಕ್ಕನ ಮಂಡಿನೋವು ಹೇಗಿದೆ?..."

"ಏನು?... ದಿಂಬಾ?..."

ತೋಕುಜಿ ಫೋನನ್ನು ಕೈಗೆ ತೆಗೆದುಕೊಂಡ. ಹೆಂಡತಿ ಎರಡು ದಿನ ಊರಲ್ಲಿರುವುದಿಲ್ಲ, ಅಷ್ಟರೊಳಗೆ ಅಂಥದೇ ಇನ್ನೊಂದನ್ನು ತಂದಿಟ್ಟರಾಯಿತು ಎಂದು ಅವನು ಲೆಕ್ಕ ಹಾಕಿದ್ದ.

"ದಿಂಬು ಯಾಕೆ ತಗೊಂಡು ಹೋದೆ ನೀನು? ಹೋಟೆಲಲ್ಲಿ ದಿಂಬು ಇರಲ್ವಾ?... ಹಾಂ, ಬೇರೆ ದಿಂಬಲ್ಲಿ ನಿದ್ದೆ ಬರಲ್ಲ, ಗೊತ್ತು... ಒಳಗೆ ಟವೆಲ್ ಇತ್ತಾ? ಎಷ್ಟು?... ಮೂರು. ಹೌದು, ಮೂರೇ ಇಟ್ಟಿದ್ದು... ನಾನು ಇಟ್ಟೆ ಅಂತ ನಾನೆಲ್ಲಿ ಹೇಳ್ದೆ?..."

"... ಸರಿ, ನಾನೇ ಕಣೆ. ಕತ್ತರಿಸ್ದೆ... ಪೂರ್ತಿ ಅಲ್ಲ. ನಾಲ್ಕು ಚಕ್ರಕ್ಕೆ ಎಷ್ಟು ಬೇಕೋ ಅಷ್ಟೇ... ಹಾಂ, ಪೂರ್ತಿ ಅಂತಲೇ ಇಟ್ಕೋ."

ಇಂಥ ಟ್ರಕ್ಕುಗಳ ಬಂಡೆ ಹತ್ತುವ ಪಂದ್ಯದಲ್ಲಿ ವೇಗಕ್ಕೆ ಬೆಲೆಯಿಲ್ಲ, ಹಿಡಿತಕ್ಕೆ ಮಾತ್ರ. ಆರು ತಿಂಗಳಲ್ಲಿ ತೋಕುಜಿ ಆ ಟ್ರಕ್ಕಿಗೆ ಬಸವನಹುಳುವಿನ ವೇಗದ ಗಿಯರು ಹಾಕಿಸಿದ್ದ, ಮುಂದಿನ ಚಕ್ರ ತಿರುಗಿಸಲು ಜಗ್ಗದ ಮೋಟಾರು ಕೂರಿಸಿದ್ದ, ಭಾರ ಕೆಳಗಿರಲಿ ಎಂದು ಹಿತ್ತಾಳೆಯ ತುಂಡುಗಳನ್ನು ಜೋಡಿಸಿದ್ದ. ಟೈರಿನೊಳಗೆ ತುಂಬುವ ಸ್ಪಂಜು ಮಾತ್ರ ಮನಸ್ಸಿಗೆ ಬಂದಿರಲಿಲ್ಲ. ಅಂಗಡಿಯ ಸ್ಪಂಜು ಪುಟಿಯುತ್ತಿತ್ತು. ಒಂದು ಮಧ್ಯಾಹ್ನ ಹೆಂಡತಿಯ ಸ್ಪಂಜಿನ ದಿಂಬಿನ ಮೇಲೆ ತಲೆಯಿಟ್ಟ. ತಲೆ ಮೆಲ್ಲಗೆ ಹೂತುಕೊಂಡಿತು, ಬುದ್ಧಿಯೂ ಜೊತೆಗೇ.

"ಬೈಯ್ಯೋದು ಆಮೇಲೆ ಬೈಯಿ, ಮೊದಲು ಕೇಳು. ನಿನ್ನೆ ಮಧ್ಯಾಹ್ನದ ಬಿಸಿಲಲ್ಲಿ ಹಲ್ಲಿ ಥರ ಹತ್ತಿತು ಗೊತ್ತಾ? ನಾನು ಮೂರನೇ ಜಾಗ... ಹೌದು, ನಾನೇ. ಇವತ್ತೂ ಮೂರರೊಳಗೆ ನಿಂತ್ರೆ ರಾಷ್ಟ್ರಮಟ್ಟದ ಪಂದ್ಯಕ್ಕೆ ಹೋಗ್ತೀನಿ. ಒಂಬತ್ತು ವರ್ಷದಿಂದ ಕಾಯ್ತಿದ್ದೀನಿ ಕಣೆ, ನಿನಗೇ ಗೊತ್ತಲ್ಲ... ಆದ್ರೆ ಬೆಳಗ್ಗೆ ನೋಡ್ತೀನಿ, ಟೈರು ಕಲ್ಲಾಗಿ ಕೂತಿದೆ. ಅದುಮಿದ್ರೆ ಬೆರಳು ನೋಯುತ್ತೆ..."

"ಚಳಿಗೆ ಗಟ್ಟಿಯಾಗುತ್ತಾ? ನಿನಗೆ ಹೇಗೆ ಗೊತ್ತು?... ದಿನಾ ಮಲಗೋ ಮುಂಚೆ ಕೊತಾತ್ಸು ಮೇಜಿನ ಕೆಳಗೆ, ಹೀಟರ್ ಹತ್ರ ಇಟ್ಟು ಬಿಸಿ ಮಾಡ್ಕೋತೀಯಾ?... ಯಾವಾಗಿಂದ?... ಹನ್ನೊಂದು ವರ್ಷದಿಂದಾನಾ?... ನಾನೂ ಅದೇ ಮೇಜಿಗೆ ಕಾಲು ಚಾಚಿ ಕೂತಿರ್ತೀನಿ, ನೋಡೇ ಇಲ್ವಲ್ಲ."

"ಹಾಂ... ಹೊಟ್ಟೆ ಹತ್ರಾನಾ? ಜಾಕೆಟ್ ಒಳಗೆ?... ಕೈ ಬೆಚ್ಚಗಿಡೋ ಪೊಟ್ಟಣ ಆರು ಇದಾವೆ... ಚಕ್ರಕ್ಕೆ ಒಂದೊಂದು, ಸರಿ. ನನ್ನ ಮುಂದೆ ಇನ್ನೂ ಇಬ್ಬರಿದ್ದಾರೆ, ಹೊತ್ತಿದೆ."

ಅವನು ಟ್ರಕ್ಕನ್ನು ಜಾಕೆಟ್ಟಿನೊಳಗೆ ತುರುಕಿ ಜಿಪ್ಪು ಎಳೆದು ತಬ್ಬಿಕೊಂಡ. ಪಕ್ಕದ ಸ್ಪರ್ಧಿ ಬಗ್ಗಿ ನೋಡಿ, ಮರ್ಯಾದೆಗೆ ಮುಖ ತಿರುಗಿಸಿದ.

"ಎಲ್ಲರೂ ನೋಡ್ತಿದ್ದಾರೆ ಫುಮಿಯೆ. ಏನಂತ ಹೇಳ್ಲಿ, ಏಳು ತಿಂಗಳು ಅನ್ಲಾ?... ನಗು, ನಗು... ಹಾಂ, ಮೆತ್ತಗಾಗ್ತಿದೆ. ನಿಜವಾಗ್ಲೂ ಮೆತ್ತಗಾಗ್ತಿದೆ ಕಣೆ."

"ಹೆಸರು ಕೂಗಿದ್ರು, ಇಡ್ತೀನಿ... ಇಡಬಾರದಾ?... ನಿನ್ನ ದಿಂಬು ಹೇಗೆ ಹತ್ತುತ್ತೆ ಅಂತ ನೀನೂ ಕೇಳ್ಬೇಕಾ? ಸರಿ, ಟೋಪಿಯೊಳಗೆ ಸಿಕ್ಕಿಸ್ಕೋತೀನಿ."

ಬಂಡೆಗಳ ಮೇಲೆ ಹತ್ತು ಬಾಗಿಲು. ಬಾಗಿಲು ಎಂದರೆ ನೆಟ್ಟ ಎರಡು ಕಡ್ಡಿ, ಅಷ್ಟೇ. ಕಡ್ಡಿಗೆ ತಗುಲಿದರೆ ಹತ್ತು ಅಂಕ ಹೋಯಿತು. ಆಗಲೇ ಸರದಿ ಮುಗಿಸಿದ್ದ ನಾಲ್ಕನೆಯವನಿಗಿಂತ ತೋಕುಜಿ ಆರೇ ಅಂಕ ಮುಂದಿದ್ದ. ಮೂವತ್ತೊಂದು ವರ್ಷ ಅವನು ಇಯಿದಾ ಊರಿನ ಬಸ್ಸು ಓಡಿಸಿದವನು. ಅಲ್ಲಿನ ಚಾಲಕರು ಕಂಡದ್ದನ್ನು ಬೆರಳು ತೋರಿಸಿ ಬಾಯಿಬಿಟ್ಟು ಹೇಳಬೇಕು, ಹಾಗೆ ಹೇಳದೆ ಬಸ್ಸು ಕದಲಿಸುವಂತಿಲ್ಲ. ನಿವೃತ್ತಿಯಾದರೂ ಆ ಚಾಳಿ ಬಿಟ್ಟಿರಲಿಲ್ಲ, ಹಲ್ಲುಜ್ಜುವಾಗಲೂ ಹೇಳುತ್ತಿದ್ದ.

"ಎಡ ಸರಿ. ಬಲ ಸರಿ... ಹತ್ತುತ್ತಿದೆ ಫುಮಿಯೆ, ಅಂಟ್ಕೊಂಡು ಹತ್ತುತ್ತಿದೆ... ಐದಾಯ್ತು. ಎಡ ಸರಿ... ಸ್ವಲ್ಪ ಸುಮ್ಮನಿರು, ಇಳಿಜಾರು... ಒಂಬತ್ತು ದಾಟ್ತು. ಇನ್ನೊಂದೇ... ಎಡ ಸರಿ. ಬಲ ತಗುಲಿತು."

ಕಡ್ಡಿ ಕೂದಲೆಳೆಯಷ್ಟು ಅಲುಗಿತ್ತು. ತೀರ್ಪುಗಾರ ಬಂಡೆಯ ಆಚೆ ಬಗ್ಗಿ ಮುಂದಿನ ಚಕ್ರ ನೋಡುತ್ತಿದ್ದ. ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತೋಕುಜಿಯ ಬೆರಳು ಮಾತ್ರ ಆ ಕಡ್ಡಿಯತ್ತ ಚಾಚಿಕೊಂಡೇ ಇತ್ತು.

"... ಹೌದು ಸಾರ್, ತಗುಲಿತು. ಹಿಂದಿನ ಬಲ ಚಕ್ರ... ನೀವು ನೋಡ್ಲಿಲ್ಲ, ನಾನು ನೋಡ್ದೆ... ಬರ್ಕೊಳ್ಳಿ."

"ಹಾಂ, ಫುಮಿಯೆ. ಇದ್ದೀನಿ... ನಾಲ್ಕನೇ ಜಾಗ. ಹೋಯ್ತು... ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು, ಹೌದು. ಆದ್ರೆ ಅದು ನನ್ನ ಕೇಳಿ ತೆರೆಯಲ್ವಲ್ಲ."

ಅವನಿಗೆ ಅಳುವೇ ಬಂದಿತ್ತು. ಒಂಬತ್ತು ವರ್ಷ ಕಾದು, ಒಂದು ಕಡ್ಡಿಗೆ ಸೋತಿದ್ದ. ಟ್ರಕ್ಕನ್ನು ಎತ್ತಿಕೊಂಡು ಟೈರಿನ ಮಣ್ಣು ಒರೆಸಿದ. ಟೈರು ಇನ್ನೂ ಬೆಚ್ಚಗಿತ್ತು.

"ಏನು?... ನೀನೂ ಒಂದು ಹೇಳ್ಬೇಕಾ? ಹೇಳು... ಹೋದ ಅಕ್ಟೋಬರಲ್ಲಾ?... ನನ್ನ ಹಳೇ ಟ್ರಕ್ಕು, ಹಾಂ, ಕಪಾಟಿಂದ ಬಿದ್ದು ಎರಡು ಹೋಳಾಗಿದ್ದು. ಅದು ಭೂಕಂಪಕ್ಕೆ ಅಲ್ವಾ?... ಕಸ ಎಳೆಯೋ ಮೆಷಿನ್ ಕೋಲು ತಗುಲಿತಾ?... ಬೆಳಗ್ಗೇನೇ?... ಹಾಂ... ಏನು ಹೇಳೋದು ಅಂತ ಕೂತಿದ್ದಾಗ ಸಂಜೆ ತಾನಾಗೇ ಭೂಕಂಪ ಆಯ್ತಾ..."

"ಎಂಥ ಹೆಂಗಸೆ ನೀನು. ಆ ಭೂಕಂಪಕ್ಕೆ ನಾನು ಒಂದು ವಾರ ಬೈದಿದ್ದೀನಿ... ಬಸ್ ಬಂತಾ? ತಡಿ, ಇಡಬೇಡ. ನಿಮ್ಮಕ್ಕಂಗೆ ಹೇಳು, ಒಂದು ನಿಮಿಷ. ಅವತ್ತು ನಾನು ಸಾಕೆ ಮದ್ಯ ಕುಡಿಯೋ ಬಟ್ಟಲೂ ಒಡೆದಿತ್ತಲ್ಲ, ಅದು?... ಫುಮಿಯೆ? ಬಚ್ಚಲಮನೆ ಕನ್ನಡಿ?... ಹಲೋ?... ಹಲೋ?..."