ಕೆಮ್ಮು ತೆಗೆದ ಕಛೇರಿ

ಕಣ್ಣಿಗೆ ಔಷಧಿ ಹಾಕಿಸಿಕೊಂಡ ಟೈಲರಮ್ಮ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಇಬ್ಬರು ಹಿರಿಯರು ಮಾತಾಡುತ್ತಿದ್ದರು. ಒಬ್ಬರದು ನಯವಾದ ದನಿ, ಇನ್ನೊಬ್ಬರದು ಗೊಗ್ಗರು.

“ನಿಮ್ಮ ಕೊಳಲು ಕಛೇರಿ ಟೇಪನ್ನ ನಮ್ಮ ಬಳಗಕ್ಕೆಲ್ಲ ಕೇಳಿಸಿದೆ ಮೇಷ್ಟ್ರೇ. ಎಲ್ಲರೂ ತಲೆದೂಗಿದರು,” ಎಂದಿತು ನಯವಾದ ದನಿ.

“ನೀವು ವಾಪಸ್ ಕೊಟ್ಟಮೇಲೆ ನಾನೂ ಕೇಳಿದೆ. ಮಧ್ಯದಲ್ಲೊಂದು ಕೆಮ್ಮು ಇತ್ತಲ್ಲ?”

“ತೆಗೆದುಬಿಟ್ಟೆ! ಅನ್ನದಲ್ಲಿ ಕಲ್ಲು ಸಿಕ್ಕ ಹಾಗಿತ್ತು.”

“ಆಮೇಲೆ ಯಾರೋ ಹೆಂಗಸು ‘ಅಬ್ಬಾ’ ಅಂದಿದ್ದು?”

“ಅದೂ ಹೋಯ್ತು. ವಾರಗಟ್ಟಲೆ ಕೂತು ಒಂದೊಂದೇ ಹೆಕ್ಕಿದೆ. ಶುದ್ಧ ಮಾಡಿದ್ದನ್ನ ನಿಮ್ಮ ಟೇಪಿಗೇ ತುಂಬಿಸಿಕೊಟ್ಟೆ.”

“ಮೊದಲಿದ್ದದ್ದು ನಿಮ್ಮ ಕಂಪ್ಯೂಟರಲ್ಲಿ ಇರಬೇಕಲ್ಲ?”

“ಅಳಿಸಿದೆ. ಆ ಗದ್ದಲ ಇಟ್ಕೊಂಡು ಏನ್ಮಾಡೋದು?”



“ಆ ಕೆಮ್ಮು, ಆ ‘ಅಬ್ಬಾ’ ನಮ್ಮನೆಯವಳದು ಕಣ್ರೀ. ಅವಳು ಹೋದಮೇಲೆ ಅವಳ ದನಿ ಅಂತ ಉಳಿದಿದ್ದು ಅದೊಂದೇ.”

“ಅಯ್ಯೋ, ಮೊದಲೇ ಹೇಳಬಾರದಿತ್ತೇ?”

“ಕೇಳಿ ವಾಪಸ್ ಕೊಡಿ ಅಂದಿದ್ದೆ. ಇನ್ನೇನು ಹೇಳಬೇಕಿತ್ತು?”

“ಬೇಜಾರಾಗಬೇಡಿ. ಆದರೂ ಸಂಗೀತ ಈಗ ಎಷ್ಟು ಚೆನ್ನಾಗಿ ಕೇಳ್ತದೆ, ನೀವೇ ಹೇಳಿ.”

“ಕೇಳ್ತದೆ. ಕೂತು ಕೇಳೋರೇ ಅಲ್ಲಿಲ್ಲ.”

ಟೈಲರಮ್ಮನಿಗೆ ಕಣ್ಣು ತೆರೆದು ಅವರ ಮುಖ ನೋಡಬೇಕೆನಿಸಿತು. ಔಷಧಿ ಉರಿಯುತ್ತಿತ್ತು.

ಅಷ್ಟರಲ್ಲಿ ನರ್ಸು ಮೇಷ್ಟ್ರನ್ನು ಕರೆದಳು.

“ನನ್ನ ಕೈ ಹಿಡ್ಕೊಳ್ಳಿ ಮೇಷ್ಟ್ರೇ, ಮುಂದೆ ಮೆಟ್ಟಿಲಿದೆ, ನಿಮಗೆ ಕಾಣಲ್ಲ,” ಎಂದಿತು ನಯವಾದ ದನಿ.

“ಬೇಡ. ಗೋಡೆ ಹಿಡ್ಕೊಂಡು ಹೋಗ್ತೀನಿ.”

ಗೋಡೆಯುದ್ದಕ್ಕೂ ಅಂಗೈ ಸವರುವ ಸದ್ದು ಮೆಲ್ಲಗೆ ಒಳಗೆ ಹೋಯಿತು. ನಯವಾದ ದನಿಯವರ ಚಪ್ಪಲಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಹೊರಬಾಗಿಲಿನ ಕಡೆಗೆ ನಡೆಯಿತು.