ಬಡಗಿ ಭಾವನ ಜೊತೆ ಬಿಯರ್ ಗಾರ್ಡನ್

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಬಸ್ ಸ್ಟಾಪಿನ ಸಾಲಿನಲ್ಲಿ ನನ್ನ ಮುಂದೆ, ಊರು ನೋಡಲು ಬಂದ ಒಬ್ಬ ಬಡಗಿಯೂ ಅವನ ಭಾಮೈದನೂ ನಿಂತಿದ್ದರು.

“ಮೂರು ಬಿಯರ್ ಗಾರ್ಡನ್ ಆಯ್ತು ಭಾವ, ಒಂದರಲ್ಲೂ ನೆಟ್ಟಗೆ ಕುಡಿಯೋಕೆ ಬಿಡಲಿಲ್ಲ ನೀವು. ಉಳಿದಿರೋದು ಇದೊಂದೇ ಸಂಜೆ.”

“ಮೂರರಲ್ಲೂ ಟೇಬಲ್ ಅಲ್ಲಾಡ್ತಿತ್ತು ಕಣಯ್ಯ. ಕೊನೇದರಲ್ಲಂತೂ ಅಲ್ಲಾಡಿ ಅಲ್ಲಾಡಿ ನನ್ನ ಬಿಯರೆಲ್ಲ ನಿನ್ನ ಮಗ್ಗಿಗೆ ಹೋಯ್ತು.”

“ಅದಕ್ಕೇ ಆ ಜಾಗ ನಂಗೆ ಹಿಡಿಸಿದ್ದು.”

“ಈಗ ಹೋಗೋದು ನೋಡು, ಹೊಳೆ ದಂಡೇಲಿದೆ. ಆನೆ ಕುಣಿದ್ರೂ ಟೇಬಲ್ ಅಲ್ಲಾಡಲ್ವಂತೆ.”

ಬಸ್ ಸ್ಟಾಪಿನ ಹಿಂದಿನ ಬೇಲಿಯಾಚೆ ಮಗ್ಗಿಗೆ ಮಗ್ಗು ತಾಗಿದ ಸದ್ದು, ನಗು. ಭಾಮೈದ ಇಣುಕಿದ.

“ಭಾವ, ಇಲ್ಲೇ ಇದೆ. ದೊಡ್ಡ ಮರ, ತಣ್ಣಗೆ ನೆರಳು, ಎರಡು ಸೀಟೂ ಖಾಲಿ.”

“ಮೊದಲು ಟೇಬಲ್ ಕಾಲು ನೋಡು. ಬರೀ ಮೊಳೆ ಹೊಡೆದಿದ್ರೆ, ಬಿಸಿಲಿಗೆ ಅದು…”

ಭಾಮೈದ ಆಗಲೇ ಗೇಟು ದಾಟಿದ್ದ. ಅವನ ಹಿಂದೆ ಇಡೀ ಸಾಲು, ಜೊತೆಗೆ ನಾನೂ.